ಮರಿ ಬಯಲಿಗೆ ಬಿಡೋದಾ, ಕಟ್ಟಿ ಮೇಯಿಸೋದಾ, ಹಾಪರ್ ಇಡೋದಾ?

ಕೇಳಿದವರು, ಚಿತ್ತಾಪುರ: 25 ಟಗರು ಮರಿ ಅವ. ಮೂರು ತಿಂಗಳವು, ತಲಾ 12 ಕೆಜಿ, ಹಾಲು ಬಿಟ್ಟಾವ. ಮನ್ಯಾಗ ತೊಗರಿ ಹೊಟ್ಟು, ಜ್ವಾಳದ ಕಣಕಿ ಅದ. ಫೆಬ್ರವರಿಯಿಂದ ನಾಲ್ಕು ತಿಂಗಳು ಸಾಕಿ ಮಾರಬೇಕು. ಬರೇ ಬಯಲು ಮೇವು, ಬಯಲಿನ ಜೊತಿ ಸಂಜಿ ದಾಣಿ, ಪೂರ್ತಿ ಕಟ್ಟಿ ಹಾಪರ್ (ತಿಂದಂಗ ದಾಣಿ ತಾನೇ ಕೆಳಗ ಇಳಿಯೋ ಡಬ್ಬಿ), ಇದರಾಗ ಯಾವುದು ಛಲೋ? ಲೆಕ್ಕ ಸಮೇತ ಹೇಳ್ರಿ.

ಆಳಂದದಿಂದ: ನಡುವಿಂದು ಹಿಡೀರಿ. ಮಾರ್ಚ್ ದಾಟಿದ್ರ ತೊಗರಿ ಹೊಲದಾಗ ಉದುರಿದ ಎಲಿನೂ ಮುಗೀತದ. ಬರೇ ಬಯಲಿಗೆ ಬಿಟ್ರ ಮರಿ ನಡದು ನಡದೇ ಸೊರಗತಾವ. ಮುಂಜಾನಿ 6ರಿಂದ 10, ಸಂಜಿ 4ರಿಂದ 6 ಮೇಯಿಸಿ, ಬಂದ ಮ್ಯಾಲ ದಾಣಿ ಹಾಕ್ರಿ. 100 ಕೆಜಿ ದಾಣಿಗೆ ಜ್ವಾಳ ಇಲ್ಲಾ ಗೋವಿನಜೋಳದ ನುಚ್ಚು 45, ಶೇಂಗಾ ಹಿಂಡಿ 22, ತೊಗರಿ ಚುನಿ (ಬ್ಯಾಳಿ ಒಡಿವಾಗ ಉಳಿಯೋ ನುಚ್ಚು-ಸಿಪ್ಪಿ) 19, ಗೋಧಿ ಬೂಸಾ 10, ಖನಿಜ ಮಿಶ್ರಣ 2, ಸುಣ್ಣಕಲ್ಲಿನ ಪುಡಿ 1, ಉಪ್ಪು 1. ಚುನಿ ಕಲಬುರಗಿ ದಾಲ್ ಮಿಲ್‌ದಾಗೇ ಸಿಗ್ತದ. ಮೊದಲ ದಿನ ಮರಿಗೆ 50 ಗ್ರಾಂ, ಮೂರು ದಿನಕ್ಕೊಮ್ಮಿ 30 ಏರಿಸಿ 250ಕ್ಕ ನಿಲ್ಲಿಸ್ರಿ. ನಾಲ್ಕು ತಿಂಗಳಿಗೆ ಸುಮಾರು 7 ಕ್ವಿಂಟಲ್ ಬೇಕು. ಹೊಟ್ಟು ಮರಿಗೆ ಅರ್ಧ ಕೆಜಿ ಅಂತ ಹಿಡದ್ರ 15 ಕ್ವಿಂಟಲ್.

ಖನಿಜ ಮಿಶ್ರಣ ಕುರಿದೇ ತರ್ರಿ. ಆಕಳ ಎಮ್ಮಿದರಾಗ ತಾಮ್ರ ಹೆಚ್ಚಿರ್ತದ, ಕುರಿಗೆ ಅದು ನಿಧಾನದ ವಿಷ.

ಹುಮನಾಬಾದದಿಂದ: ಹಾಪರ್ ಕೆಟ್ಟದ್ದಲ್ಲ, ಆದ್ರ ಅದು ಖಾಲಿ ಆಗಬಾರದು. ರಾತ್ರಿ ಖಾಲಿ ಬಿದ್ದು ಮುಂಜಾನಿ ತುಂಬಿದ್ರ ಜೋರಿನ ನಾಕು ಮರಿ ಹೊಟ್ಟಿ ಬಿರಿ ತಿಂತಾವ, ಮರುದಿನ ಅವೇ ಬೀಳತಾವ. ಹಾಪರೇ ಬೇಕಂದ್ರ ದಾಣಿಗೆ ಮೂರನೇ ಒಂದು ಪಾಲು ಜರಡಿ ಹಿಡದ ಹೊಟ್ಟು ಬೆರಸ್ರಿ, ಮೂರು ವಾರ ಹೊಂದಿಕೊಳ್ಳಾಕ ಬಿಡ್ರಿ. 25 ಮರಿಗೆ ತೊಟ್ಟಿನೇ ಸಾಕು. 8 ಇಂಚಿನ, 10 ಅಡಿ ಪಿವಿಸಿ ಪೈಪ್ ಉದ್ದಕ್ಕ ಸೀಳಿದ್ರ ಎರಡು ತೊಟ್ಟಿ, ಕೂಡಿ 20 ಅಡಿ. ತಲಾ ಒಂದು ಗೇಣು ಜಾಗ ಸಿಗ್ತದ. ಜಾಗ ಕಮ್ಮಿ ಆದ್ರ ಸಣ್ಣವು ಸಣ್ಣವಾಗೇ ಉಳೀತಾವ. ತೊಟ್ಟಿ ಮ್ಯಾಲ ಅಡ್ಡ ಕೋಲು ಕಟ್ರಿ, ಇಲ್ಲಂದ್ರ ಒಳಗ ನಿಂತು ಹಿಕ್ಕಿ ಹಾಕತಾವ.

ಕಣಕಿ ಇಡೀದು ಹಾಕಬ್ಯಾಡ್ರಿ, ಎಲಿ ತಿಂದು ದಂಟು ಬಿಡತಾವ. ಒಂದು ಇಂಚಿಗೆ ಕತ್ತರಿಸಿ ಹೊಟ್ಟಿನ ಜೊತಿ ಕಲಸ್ರಿ. ಹೊಟ್ಟಿಗೆ ನೀರು ಚಿಮುಕಿಸಿದ್ರ ದೂಳಿನ ಕೆಮ್ಮು ಇರಂಗಿಲ್ಲ.

ಶಹಾಪುರದಿಂದ: ದಾಣಿ ಶುರು ಮಾಡೋ ಮೊದಲೇ ಕರುಳು ಬೇನೆ ಲಸಿಕೆ ಹಾಕಿಸಿ, 15ರಿಂದ 21 ದಿನಕ್ಕೆ ಎರಡನೇ ಡೋಸ್. ಕಾಳು ಹೆಚ್ಚಿದಾಗ ಚೆನ್ನಾಗಿ ಬೆಳೆದ ಮರಿಯೇ ರಾತ್ರೋರಾತ್ರಿ ಸಾಯುವುದು ಈ ಬೇನೆಯಿಂದಲೇ. ದಿನಾ ಬೆಳಿಗ್ಗೆ ಹಿಕ್ಕೆ ನೋಡಿ. ಗುಂಡು ಗುಂಡಾಗಿದ್ದರೆ ಸರಿ. ಬೂದು ಬಣ್ಣದ ಗಂಜಿಯಂತಾಗಿ ಹುಳಿ ವಾಸನೆ ಬಂದರೆ ದಾಣಿ ನಿಲ್ಲಿಸಿ, 10 ಗ್ರಾಂ ತಿನ್ನೋ ಸೋಡಾ ನೀರಲ್ಲಿ ಕುಡಿಸಿ, ಎರಡು ದಿನ ಬರೀ ಒಣ ಮೇವು. ಟಗರು ಮರಿಗಳಲ್ಲಿ ಇನ್ನೊಂದು ತೊಂದರೆ ಮೂತ್ರದ ಕಲ್ಲು. ಬೂಸಾ, ಕಾಳು ಎರಡರಲ್ಲೂ ರಂಜಕ ಹೆಚ್ಚು, ಬಿಸಿಲಲ್ಲಿ ನೀರು ಕಮ್ಮಿ ಕುಡಿದರೆ ಕಲ್ಲು ಕಟ್ಟುತ್ತದೆ. ಮೇಲೆ ಹೇಳಿದ ಸುಣ್ಣಕಲ್ಲಿನ ಪುಡಿ ಅದಕ್ಕೇ, ಬಿಡಬೇಡಿ. ಮರಿ ಮುಕ್ಕರಿಸುತ್ತಾ ಹನಿ ಹನಿ ಉಚ್ಚೆ ಹೊಯ್ಯುತ್ತಿದ್ದರೆ, ಶಿಶ್ನದ ಕೂದಲಲ್ಲಿ ಮರಳಿನಂಥ ಹರಳು ಅಂಟಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಕೇಳಿದವರು: ಹತ್ತಿ ಹಿಂಡಿ ಅಗ್ಗ ಸಿಗ್ತದ, ಶೇಂಗಾ ಹಿಂಡಿ ಬದಲಿಗೆ ಹಾಕಬಹುದಾ?

ಶಹಾಪುರದಿಂದ: ಇಷ್ಟು ಎಳೆ ಮರಿಗೆ ಬೇಡ, ಅದರಲ್ಲಿರುವ ಗಾಸಿಪಾಲ್ ಎಂಬ ವಿಷವನ್ನು ಅವು ತಡೆದುಕೊಳ್ಳುವುದಿಲ್ಲ. ಶೇಂಗಾ ಹಿಂಡಿಯೂ ಬೂಷ್ಟು ಹಿಡಿದಿದ್ದರೆ ಎಸೆಯಿರಿ, ಬಿಸಿಲಿಗೆ ಒಣಗಿಸಿದರೆ ವಿಷ ಹೋಗುವುದಿಲ್ಲ.

ಆಳಂದದಿಂದ: ಒಂದು ಮರತಿದ್ದೆ. ನಡುವ ಮಳಿ ಬಿದ್ದು ಕೂಳಿ ಜ್ವಾಳ (ಕೊಯ್ದ ಮ್ಯಾಲ ಉಳಿದ ಬುಡ) ಚಿಗತಿದ್ರ ಆ ಹೊಲಕ್ಕ ಬಿಡಲೇಬ್ಯಾಡ್ರಿ, ಎಳಿ ಸುಳಿ ವಿಷ. 15 ದಿನಕ್ಕೊಮ್ಮಿ ಮುಂಜಾನಿ ನೀರು ಕುಡಿಸೋಕಿಂತ ಮೊದಲ ತೂಕ ಮಾಡ್ರಿ. 1 ಕೆಜಿನೂ ಏರಿಲ್ಲಂದ್ರ ದಾಣಿ ಹೆಚ್ಚಿಸಬ್ಯಾಡ್ರಿ, ಮೊದಲ ಹಿಕ್ಕಿ ದವಾಖಾನಿಗೆ ಒಯ್ದು ಹುಳದ ಪರೀಕ್ಷಾ ಮಾಡಿಸ್ರಿ.