ಕರಿಬೇವಿಗೆ ಬೆಡ್‌ಶೀಟ್

“ಏನೋ ಇದು, ಕರಿಬೇವಿಗೆ ಜ್ವರಾನಾ?”

ಟೆರೇಸಿಗೆ ಬಂದ ಸೀನಿ ಕೊನೇ ಮೆಟ್ಟಿಲ ಮೇಲೇ ನಿಂತುಬಿಟ್ಟ. ಎದೆಯೆತ್ತರದ ಕರಿಬೇವಿನ ಗಿಡಕ್ಕೆ ಬುಡದಿಂದ ತುದಿಯವರೆಗೆ ಹಳೇ ಚೌಕಳಿ ಬೆಡ್‌ಶೀಟ್ ಸುತ್ತಿ, ನಡುವಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಗಿಸಿತ್ತು. ಪಕ್ಕದ ದಾಸವಾಳಕ್ಕೆ ಟವೆಲ್ಲು. ತುಳಸಿಗೆ ಮಾತ್ರ ಏನೂ ಇಲ್ಲ. ಅಲ್ಲಿ ಕೈಹಾಕಿದ್ದರೆ ಪದ್ಮ ಬಿಡುತ್ತಿರಲಿಲ್ಲ.

“ಫ್ರಾಸ್ಟ್‌ನಿಂದ ಕಾಪಾಡಬೇಕು” ಅಂದ ವೆಂಕಿ, ಮಂಕಿ ಕ್ಯಾಪ್ ಸರಿಮಾಡಿಕೊಳ್ಳುತ್ತಾ. “ಚಳಿಗಾಲದಲ್ಲಿ ಕೈತೋಟದಲ್ಲಿ ಮಾಡಲೇಬೇಕಾದ ಹತ್ತು ಕೆಲಸ ಅಂತ ಒಂದು ವಿಡಿಯೋ ಬಂದಿದೆ. ನೀನೂ ನೋಡು.”

“ಮಾಡಿದವನು ಯಾವ ಊರಿನವನು?”

“ಇಂಗ್ಲೆಂಡ್. ಬಹಳ ಒಳ್ಳೆ ಮನುಷ್ಯ, ಪಾಪ, ಹಿಮದಲ್ಲಿ ನಿಂತುಕೊಂಡೇ ಮಾತಾಡುತ್ತಾನೆ.”

“ನಿನ್ನೆ ರಾತ್ರಿ ಹನುಮಂತನಗರದಲ್ಲಿ ಎಷ್ಟು ಡಿಗ್ರಿ ಇತ್ತು?”

“ಹದಿನಾರು” ಅಂದ ವೆಂಕಿ, ಸ್ವಲ್ಪ ಸಣ್ಣ ದನಿಯಲ್ಲಿ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಗೋಪಾಲರಾಯರಿಗೆ ಅಂಕಿ ಕಿವಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ. “ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಅಂದರೆ 7.8 ಡಿಗ್ರಿ. 1884ರ ಜನವರಿ. ನೀರು ಹೆಪ್ಪುಗಟ್ಟಬೇಕಾದರೆ ಸೊನ್ನೆಗೆ ಇಳಿಯಬೇಕಲ್ಲಪ್ಪ.”

“ಆ ಚಳಿಯಲ್ಲೂ ಕರಿಬೇವಿಗೆ ಯಾರೂ ಹೊದಿಸಿರಲಿಕ್ಕಿಲ್ಲ ರಾಯರೇ” ಅಂದ ಸೀನಿ. “ಆಗ ಮನುಷ್ಯರೇ ಒಂದು ಕಂಬಳಿಯಲ್ಲಿ ನಾಲ್ಕು ಜನ ಮಲಗುತ್ತಿದ್ದರು.”

ಪದ್ಮ ಅವರೆಕಾಳು ಉಪ್ಪಿಟ್ಟು, ಕಾಫಿ ಹಿಡಿದು ಬಂದಳು. ಅವಳ ದೂರು ಆಗಲೇ ತಯಾರಿತ್ತು. “ನೋಡಿ ಸೀನಣ್ಣ, ನಾಲ್ಕು ಎಸಳು ಕರಿಬೇವು ಬೇಕು ಅಂದರೆ ಒಲೆ ಸಣ್ಣ ಮಾಡಿ, ಎರಡು ಮಹಡಿ ಹತ್ತಿ ಬಂದು, ಕ್ಲಿಪ್ ಬಿಚ್ಚಿ, ಬೆಡ್‌ಶೀಟೊಳಗೆ ಕೈಹಾಕಿ ಕಿತ್ತುಕೊಳ್ಳಬೇಕು. ನಿನ್ನೆ ಸಾಸಿವೆ ಸೀದೇಹೋಯಿತು.”

“ಕೆಮ್ಮಿಕೊಂಡು ಹೋಗಮ್ಮಾ. ಅದಕ್ಕೂ ಮಾನಮರ್ಯಾದೆ ಇರುತ್ತಲ್ಲ.”

“ಅದಾದರೂ ಮೇಲಿರುತ್ತೆ. ಫ್ರಿಜ್ಜಿನ ಕತೆ ಕೇಳಿ.”

ಫ್ರಿಜ್ಜಿನ ಕತೆ ಏನೆಂದರೆ ಟುಲಿಪ್. ವೆಂಕಿ ಹತ್ತು ಗೆಡ್ಡೆ ತರಿಸಿದ್ದಾನೆ. ಅದಕ್ಕೆ ಹೂ ಬಿಡಬೇಕಾದರೆ ಮೊದಲು ಹನ್ನೆರಡು ವಾರವಾದರೂ ಒಳ್ಳೆ ಚಳಿ ಬೇಕು, ನಮ್ಮ ಊರಿನ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ, ಹಾಗಾಗಿ ಫ್ರಿಜ್ಜಿನಲ್ಲಿ ಇಟ್ಟಿದ್ದಾನೆ. ಜೊತೆಗೆ ಹಣ್ಣು ಇಡುವ ಹಾಗಿಲ್ಲ. ಹಣ್ಣಿನಿಂದ ಬರುವ ಎಥಿಲಿನ್ ಅನಿಲ ತಾಗಿದರೆ ಗೆಡ್ಡೆಯೊಳಗಿನ ಮೊಗ್ಗು ಸತ್ತುಹೋಗುತ್ತದಂತೆ. ಇದು ನಿಜ, ವೆಂಕಿ ಓದಿಕೊಂಡೇ ಮಾಡುವ ಆಸಾಮಿ. ಕಷ್ಟ ಇರುವುದೂ ಅಲ್ಲೇ.

“ಅಂದರೆ ಮನೆಯಲ್ಲಿ ಯಾರೂ ಸೇಬು ತಿನ್ನುವ ಹಾಗಿಲ್ಲ” ಅಂದಳು ಪದ್ಮ. “ಎರಡು ಕೆಜಿ ಅವರೆಕಾಳು ನೆನೆಹಾಕಿ, ಹೆಬ್ಬೆರಳು ಸುಕ್ಕಾಗುವವರೆಗೆ ಹಿತುಕಿ ಬೇಳೆ ಮಾಡಿ ಇಡಲು ಹೋದರೆ ಜಾಗ ಇಲ್ಲ. ಆ ಗೆಡ್ಡೆ ಬಾಣಂತಿ ಥರ ಮಲಗಿವೆ.”

“ನನಗೊಂದು ಅರ್ಥವಾಗಲ್ಲ ಕಣೋ” ಅಂದ ಸೀನಿ. “ಚಳಿ ಬೇಡದ ಗಿಡಕ್ಕೆ ಹೊದಿಕೆ, ಚಳಿ ಬೇಕಾದ ಗಿಡಕ್ಕೆ ಫ್ರಿಜ್ಜು. ನಮ್ಮೂರಿನ ಹವೆ ಅಂತ ಒಂದಿದೆಯಲ್ಲ, ಅದನ್ನು ಯಾವ ಗಿಡಕ್ಕೆ ಕೊಡುತ್ತೀಯಾ?”

ವೆಂಕಿ ಉತ್ತರ ಹೇಳುವ ಬದಲು ಉಪ್ಪಿಟ್ಟಿನಲ್ಲಿ ಅವರೆಕಾಳು ಹುಡುಕಿದ.

“ಸರಿ, ಕುಂಡಗಳೆಲ್ಲ ಯಾಕೆ ಒಣಗಿವೆ?”

“ಚಳಿಗಾಲದಲ್ಲಿ ಗಿಡಗಳು ಮಲಗಿರುತ್ತವೆ. ಎಬ್ಬಿಸಬಾರದು, ನೀರು ಕಡಿಮೆ ಮಾಡಬೇಕು, ಬಿತ್ತನೆ ಮಾಡಬಾರದು. ಅದು ನಾಲ್ಕನೇದು.”

ಸೀನಿಗೆ ಕೋಪ ಬಂತು. ಅವನು ಕೋಪ ಬಂದರೆ ಲೋಟ ಕೆಳಗಿಟ್ಟು ಮಾತಾಡುತ್ತಾನೆ. “ಅಲ್ಲಿ ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆನೂ ಇರಲ್ಲ, ಗಿಡ ಮಲಗದೆ ಏನು ಮಾಡೀತು? ನಿನ್ನ ಟೆರೇಸಿನಲ್ಲಿ ವರ್ಷದ ಅತಿ ಸಣ್ಣ ಹಗಲಿಗೂ 11 ಗಂಟೆ 20 ನಿಮಿಷ ಇದೆ. ನಮ್ಮ ಗಿಡಗಳಿಗೆ ಇದು ಮಲಗುವ ಕಾಲ ಅಲ್ಲ, ಹಬ್ಬದ ಕಾಲ. ಮೂಲಂಗಿ, ಕೋಸು, ಬಟಾಣಿ, ಟೊಮೆಟೊ ಎಲ್ಲಾ ಚೆನ್ನಾಗಿ ಬರುವುದೇ ಈಗ. ಹಿಡಿ ಮೆಂತ್ಯ ಚೆಲ್ಲಿದರೆ ನಾಲ್ಕೇ ದಿನಕ್ಕೆ ತಲೆ ಎತ್ತುತ್ತೆ. ದನಿಯಾ ಚಪ್ಪಲಿ ಹಿಂಭಾಗದಲ್ಲಿ ಒಂದ್ಸಲ ಉಜ್ಜಿ ಎರಡು ಹೋಳು ಮಾಡಿ ಹಾಕು, ಅದಕ್ಕೆ ವಿಡಿಯೋ ಬೇಡ. ನೀರು ಬೆಳಗ್ಗೆ ಹಾಕು. ಸಂಜೆ ಎಲೆ ಮೇಲೆಲ್ಲ ಸುರಿದು ರಾತ್ರಿಯಿಡೀ ತೇವ ನಿಂತರೆ ಗಿಡಕ್ಕೆ ರೋಗ ಬರುತ್ತೆ. ಮತ್ತೆ ಈ ದಾಸವಾಳ...” ಅಂತ ಟವೆಲ್ ಎಳೆದ.

ಒಳಗೆ ಬೆಳ್ಳಗೆ ಹತ್ತಿ ಅಂಟಿಸಿದ ಹಾಗೆ ಹಿಟ್ಟುತಿಗಣೆ. ಕುಡಿ, ಮೊಗ್ಗು, ಎಲೆಯ ಅಡಿ ಎಲ್ಲಾ ಕಡೆ. ಕಾಂಡದ ಮೇಲೆ ಇರುವೆಗಳ ಸಾಲು ಹತ್ತಿ ಇಳಿಯುತ್ತಿತ್ತು.

“ಹಿಮ ಬಿದ್ದಿದೆ ನೋಡು” ಅಂದ ಸೀನಿ.

ಗೋಪಾಲರಾಯರು ನಕ್ಕು ಕಾಫಿ ಚೆಲ್ಲಿಕೊಂಡರು. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ಬೀಳುವ ಹಾಗೆ ಹೊಡೆ, ವಾರ ಬಿಟ್ಟು ಮತ್ತೆ ಹೊಡೆ ಅಂತ ಅವರೇ ಹೇಳಿದರು. ಆಮೇಲೆ ಅವರೆಯ ವಿಷಯಕ್ಕೆ ಬಂದರು. ರಾಯರು ಎಲ್ಲಿಂದ ಹೊರಟರೂ ಜನವರಿಯಲ್ಲಿ ಅವರೆಗೇ ಬಂದು ಸೇರುತ್ತಾರೆ.

“ಹಳೇ ಅವರೆ ಗಿಡಕ್ಕೆ ಕ್ಯಾಲೆಂಡರ್ ಬೇಕಿರಲಿಲ್ಲ ಕಣ್ರಯ್ಯ. ಮಳೆಗಾಲದಲ್ಲಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದರೆ ಸುಮ್ಮನೆ ಬೆಳೆದುಕೊಂಡಿರೋದು. ಹಗಲು ಗಿಡ್ಡ ಆಗುತ್ತಿದ್ದಂತೆ ಹೂ. ಇಬ್ಬನಿ ಬಿದ್ದರೆ ಸೊಗಡು. ಈಗ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರ ಹೊಸ ತಳಿ ಬಂದಿವೆ, ಹಗಲಿನ ಹಂಗೇ ಇಲ್ಲ, ವರ್ಷ ಪೂರ್ತಿ ಕಾಯಿ. ಒಳ್ಳೆಯದೇ. ಆದರೆ ಮೇ ತಿಂಗಳಲ್ಲಿ ಅವರೆಕಾಯಿ ತಂದು ಕೈ ಮೂಸಿದರೆ ಸೋಪಿನ ವಾಸನೆ ಬರುತ್ತೆ.”

“ನಿಮ್ಮ ಕೈಯದೇ ಇರಬೇಕು” ಅಂದಳು ಪದ್ಮ.

ಐದನೇ ಕೆಲಸ ಒಣ ಎಲೆ ಹೊದಿಕೆ. ಅದಕ್ಕೆ ವೆಂಕಿ ದುಡ್ಡು ಕೊಟ್ಟು ಒಣ ಎಲೆಯ ಪ್ಯಾಕೆಟ್ ತರಿಸಿದ್ದ. ಅದೇ ಹೊತ್ತಿಗೆ ಕೆಳಗೆ ಬೀದಿಯಲ್ಲಿ ಯಾರೋ ಹೊಂಗೆ ಮರದ ಉದುರೆಲೆಯನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಹೊಗೆ ನೇರವಾಗಿ ಟೆರೇಸಿಗೇ ಬಂತು. ಇದಕ್ಕೆ ಸೀನಿ ಏನೂ ಹೇಳಲಿಲ್ಲ, ಸುಮ್ಮನೆ ಕಣ್ಣು ಒರೆಸಿಕೊಂಡ.

ಆರನೇದು ಹಕ್ಕಿಗಳಿಗೆ ಕೊಬ್ಬಿನ ಉಂಡೆ. ಕೊಬ್ಬು ಅಂದರೆ ಪ್ರಾಣಿಯದು, ಈ ಮನೆಗೆ ಅದು ಬರುವ ಹಾಗಿಲ್ಲ. ಹಾಗಾಗಿ ತುಪ್ಪ, ಎಳ್ಳು, ಕಡಲೆಕಾಯಿ ಹಾಕಿ, ಉಂಡೆ ನಿಲ್ಲದೆ ಸ್ವಲ್ಪ ಬೆಲ್ಲವೂ ಹಾಕಿ ಕಟ್ಟಿದ್ದಾನೆ.

“ಅದನ್ನು ಎಳ್ಳುಂಡೆ ಅಂತಾರೆ” ಅಂದ ಸೀನಿ. “ಯಾವ ಹಕ್ಕಿ ತಿಂತು?”

“ಕಾಗೆ. ಕಟ್ಟೆ ಮೇಲೆ ಕೂತು ತಿಂದು, ತುಂಬಾ ಹೊತ್ತು ಕರಿಬೇವಿನ ಕಡೆಯೇ ನೋಡುತ್ತಿತ್ತು.”

“ನಿಮ್ಮಮ್ಮನೇ ಬಂದಿರಬೇಕು. ನನ್ನ ಬೆಡ್‌ಶೀಟ್ ಗಿಡಕ್ಕೆ ಯಾಕೆ ಹೊದಿಸಿದ್ದಾನೆ ಅಂತ.”

ವೆಂಕಿಯೂ ನಕ್ಕ. ಬೆಡ್‌ಶೀಟ್ ನಿಜಕ್ಕೂ ಅಮ್ಮನದೇ ಆಗಿತ್ತು.

“ಏಳನೇದು?” ರಾಯರು ಕೇಳಿದರು.

“ಕೊಳದಲ್ಲಿ ಚೆಂಡು ಬಿಡುವುದು. ನೀರೆಲ್ಲ ಗಟ್ಟಿಯಾದರೂ ಚೆಂಡಿನ ಸುತ್ತ ಸ್ವಲ್ಪ ಜಾಗ ಉಳಿಯುತ್ತಂತೆ, ಮೀನಿಗೆ ಗಾಳಿ ಸಿಗುತ್ತೆ” ಅಂತ ವೆಂಕಿ ಮೂಲೆಯ ತಾವರೆ ಟಬ್ ತೋರಿಸಿದ. ಮೀನೂ ಇಲ್ಲ, ತಾವರೆಯದೂ ಮೂರೇ ಎಲೆ. ನಡುವೆ ಒಂದು ಹಳೇ ರಬ್ಬರ್ ಚೆಂಡು ತೇಲುತ್ತಿತ್ತು.

ಸೀನಿ ಹಾಸ್ಯ ಮಾಡಲು ಬಾಯಿ ತೆರೆದವನು ಬಗ್ಗಿ ಚೆಂಡನ್ನು ಕೈಗೆತ್ತಿಕೊಂಡ. ಕೆಂಪು ಹೋಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಸೀಳು ಬಿಟ್ಟಿತ್ತು.

“ಎಲ್ಲಿತ್ತು ಇದು?”

“ಅಟ್ಟದ ಮೇಲೆ. ಅಮ್ಮನ ಗೋಣಿಚೀಲದಲ್ಲಿ ಒಂಬತ್ತು ಇದ್ದವು.”

ಈಗ ಕಾರು ನಿಂತಿರುವಲ್ಲಿ ಆಗ ಸೇವಂತಿಗೆ ಪಾತಿ ಇತ್ತು. ಕಾಂಪೌಂಡ್ ಹಾರಿ ಚೆಂಡು ಒಳಗೆ ಬಿದ್ದರೆ ಮುಗಿಯಿತು, ವೆಂಕಿಯ ಅಮ್ಮ ಎತ್ತಿ ಸೆರಗಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಸೀನಿ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಸೀಳಿನ ಪಕ್ಕದಲ್ಲಿ ಕೈವಾರದ ಮೊನೆಯಲ್ಲಿ ಕೆತ್ತಿದ ‘ಸೀ’ ಇನ್ನೂ ಇತ್ತು. ದೀರ್ಘ ಮಾತ್ರ ಅರ್ಧ ಅಳಿಸಿತ್ತು.

“ಹೂ ಮುಗಿಯಲಿ, ಬುಡದ ಕಂದು ಕಿತ್ತು ಬೇರೆ ಪಾತಿಗೆ ನೆಡಬೇಕು, ಅವತ್ತು ಬಂದು ಕೈಜೋಡಿಸು, ಕೊಡುತ್ತೀನಿ ಅಂದಿದ್ದರು” ಅಂದ. “ನಾನು ಹೋಗಲೇ ಇಲ್ಲ. ಮಾರನೇ ದಿನವೇ ಹೊಸ ಚೆಂಡು ಸಿಕ್ಕಿತ್ತು.”

ಯಾರೂ ಮಾತಾಡಲಿಲ್ಲ. ಕೆಳಗೆ ಹೊಂಗೆ ಎಲೆ ಚಟಚಟ ಅನ್ನುತ್ತಿತ್ತು.

“ತಗೊಂಡು ಹೋಗೋ” ಅಂದ ವೆಂಕಿ.

ಸೀನಿ ಚೆಂಡನ್ನು ಪಂಚೆಗೆ ಒರೆಸಿ, ಒಂದ್ಸಲ ಅಮುಕಿ ನೋಡಿ, ಮೆಲ್ಲಗೆ ಟಬ್ಬಿಗೇ ಬಿಟ್ಟ.

“ಇರಲಿ ಬಿಡು. ನೀರು ಹೆಪ್ಪುಗಟ್ಟೀತು.”