ಚಿಕ್ಕ ಕಾಲೇಜಾ, ಸ್ಟೇಟ್ ಯೂನಿವರ್ಸಿಟಿನಾ? ಮೇ 1ರೊಳಗೆ ಹೇಳಬೇಕು

ಶಿಕಾಗೋ ಅಮ್ಮ: ಎಲ್ಲರಿಗೂ ನಮಸ್ಕಾರ. ಮಗಳಿಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಇಲ್ಲೇ ಇಲಿನಾಯ್ ರಾಜ್ಯದ ಸರ್ಕಾರಿ ಯೂನಿವರ್ಸಿಟಿ, ಅರ್ಬಾನಾ-ಶಾಂಪೇನ್, ಅಂದರೆ ಯುಐಯುಸಿ. ಇನ್-ಸ್ಟೇಟ್ ಫೀ (ಅದೇ ರಾಜ್ಯದವರಿಗೆ ಇರೋ ಕಡಿಮೆ ದರ), ಊಟ-ರೂಮು ಎಲ್ಲ ಸೇರಿ ವರ್ಷಕ್ಕೆ ಸುಮಾರು 38 ಸಾವಿರ ಡಾಲರ್. ಆದರೆ ಕಂಪ್ಯೂಟರ್ ಸೈನ್ಸ್ ಕೊಟ್ಟಿಲ್ಲ, ಅನ್‌ಡಿಕ್ಲೇರ್ಡ್ ಅಂತ, ಅಂದರೆ ಮೇಜರ್ (ಮುಖ್ಯ ವಿಷಯ) ಇನ್ನೂ ಗೊತ್ತುಮಾಡದವಳು ಅಂತ, ತಗೊಂಡಿದ್ದಾರೆ. ಇನ್ನೊಂದು ಓಹಾಯೋದ ಖಾಸಗಿ ಲಿಬರಲ್ ಆರ್ಟ್ಸ್ ಕಾಲೇಜು (ಎಲ್ಲ ಥರದ ವಿಷಯ ಕಲಿಸೋ ಡಿಗ್ರಿ ಕಾಲೇಜು), ಒಟ್ಟು ಎರಡು ಸಾವಿರ ಮಕ್ಕಳು ಅಷ್ಟೆ. ಖರ್ಚು 84 ಸಾವಿರ, ಮೆರಿಟ್ ಸ್ಕಾಲರ್‌ಶಿಪ್ 30 ಸಾವಿರ ಕಳೆದರೆ 54. ಅವಳಿಗೆ ಕಂಪ್ಯೂಟರ್ರೂ ಇಷ್ಟ, ಬಯಾಲಜಿಯೂ ಇಷ್ಟ. ನಾವಿನ್ನೂ ಎಚ್‌-1ಬಿ ಕೆಲಸದ ವೀಸಾದಲ್ಲಿದ್ದೀವಿ, ಅವಳು ನಮ್ಮ ಮೇಲೆ ಅವಲಂಬಿತಳಾಗಿ ಎಚ್‌-4. ಮೂರನೇ ವರ್ಷದ ಹೊತ್ತಿಗೆ 21 ತುಂಬುತ್ತೆ. ತಿಳಿದವರು ಹೇಳಿ.

ಹಾಸನ–ಹ್ಯೂಸ್ಟನ್: ಇದರಲ್ಲಿ ಯೋಚನೆ ಮಾಡೋದೇನಿದೆ ಮೇಡಂ? ಯುಐಯುಸಿ. 54 ಅನ್ನೋದು ಮೊದಲ ವರ್ಷದ ಲೆಕ್ಕ ಅಷ್ಟೆ. ಸ್ಕಾಲರ್‌ಶಿಪ್ 30 ಸಾವಿರದಲ್ಲೇ ನಿಲ್ಲುತ್ತೆ, ಫೀ ನಿಲ್ಲಲ್ಲ. ಆ 84 ಸಾವಿರ ವರ್ಷಕ್ಕೆ ಶೇ 4 ಏರಿತು ಅಂತ ಇಟ್ಕೊಳ್ಳಿ, 30 ಕಳೆದರೆ: ಎರಡನೇ ವರ್ಷ 57,360, ಮೂರನೇದು 60,854, ನಾಲ್ಕನೇದು 64,489. ಒಟ್ಟು 2 ಲಕ್ಷ 36 ಸಾವಿರ ದಾಟುತ್ತೆ. ಇಲಿನಾಯ್‌ನಲ್ಲಿ ಟ್ರೂತ್-ಇನ್-ಟ್ಯೂಷನ್ ಕಾನೂನು ಇದೆ, ಸೇರಿದ ವರ್ಷದ ಇನ್-ಸ್ಟೇಟ್ ಟ್ಯೂಷನ್, ಅಂದರೆ ಪಾಠದ ಫೀ, ನಾಲ್ಕು ವರ್ಷ ಬದಲಾಗಲ್ಲ. ಊಟ-ರೂಮು ಮಾತ್ರ ಏರುತ್ತೆ. 1 ಲಕ್ಷ 56 ಸಾವಿರದಲ್ಲಿ ಡಿಗ್ರಿ ಮುಗೀತು. ಉಳಿದ 80 ಸಾವಿರದಲ್ಲಿ ಮಾಸ್ಟರ್ಸ್ ಮಾಡಿಸಿ. ಮೇಲಾಗಿ ಆ ಓಹಾಯೋ ಕಾಲೇಜಿನ ಹೆಸರು ಊರಲ್ಲಿ ಒಬ್ಬರಿಗೂ ಗೊತ್ತಿರಲ್ಲ.

ಧಾರವಾಡ–ಮಿನ್ನೆಸೋಟಾ: ಊರಾಗಿನ ಮಂದಿಗೆ ಹೆಸರು ಗೊತ್ತಾಗ್ಲಿ ಅಂತ ಮಕ್ಕಳನ್ನ ಓದಸ್ತೀವೇನ್ರಿ ಸರ? ಅಕ್ಕಾರ, ಎರಡೂ ಕಾಲೇಜಿನ ಹೆಸರಿನ ಮುಂದ 'ಕಾಮನ್ ಡೇಟಾ ಸೆಟ್' ಅಂತ ಹಾಕಿ ಹುಡುಕ್ರಿ, ಕಾಲೇಜು ತಾನ ತನ್ನ ಅಂಕಿ-ಅಂಶ ಬರದು ಹಾಕೋ ಪಟ್ಟಿ ಅದು. ಬಿ ಭಾಗದಾಗ ಮೊದಲ ವರ್ಷ ಮುಗಿಸಿ ಎಷ್ಟು ಮಂದಿ ತಿರುಗಿ ಬಂದಾರ, ನಾಲ್ಕೇ ವರ್ಷದಾಗ ಎಷ್ಟು ಮಂದಿ ಡಿಗ್ರಿ ಮುಗಿಸ್ಯಾರ ಅಂತ ಇರ್ತದ. ಐ-3 ಅನ್ನೋ ಕೋಷ್ಟಕದಾಗ ಕ್ಲಾಸಿನ ಗಾತ್ರ. ಇಲ್ಲೊಂದು ಮೋಸ ಐತಿ ನೋಡ್ರಿ. ಅದು ಎಣಿಸೋದು ಕ್ಲಾಸುಗಳನ್ನ, ಹುಡುಗ್ರನ್ನಲ್ಲ. ಹತ್ತು ಕ್ಲಾಸಿನ್ಯಾಗ ಒಂಬತ್ತರಾಗ 15 ಹುಡುಗ್ರು, ಒಂದರಾಗ 300 ಅಂತ ಹಿಡೀರಿ. ಶೇ 90 ಕ್ಲಾಸು ಸಣ್ಣವು ಅಂತ ಬರೀತಾರ, ಆದ್ರ ಸೀಟಿನ ಲೆಕ್ಕಕ್ಕ 435ರಾಗ 300 ಆ ದೊಡ್ಡ ಹಾಲಿನಾಗ. ದೊಡ್ಡ ಯೂನಿವರ್ಸಿಟಿಯೊಳಗ ಮೊದಲ ಎರಡು ವರ್ಷದ ಕೆಮಿಸ್ಟ್ರಿ, ಬಯಾಲಜಿ, ಕ್ಯಾಲ್ಕುಲಸ್ ಅಲ್ಲೇ. ನೂರು ಹುಡುಗ್ರೊಳಗ ಎಷ್ಟು ಮಂದಿ ಮುಂದ ಪಿಎಚ್‌ಡಿ ಮಾಡ್ತಾರ ಅಂತ ನೋಡಿದ್ರ ಹಾರ್ವಿ ಮಡ್, ಸ್ವಾರ್ಥ್‌ಮೋರ್, ರೀಡ್, ಕಾರ್ಲ್‌ಟನ್ ಇಂಥ ಸಣ್ಣ ಕಾಲೇಜುಗಳೇ ಮ್ಯಾಲಿನ ಸಾಲಿನಾಗ ಇರ್ತಾವು.

ಹಾಸನ–ಹ್ಯೂಸ್ಟನ್: ಹಾರ್ವಿ ಮಡ್ ಬೇರೆ, ಇವರ ಓಹಾಯೋ ಕಾಲೇಜು ಬೇರೆ ಸ್ವಾಮಿ. ಚಿಕ್ಕ ಕಾಲೇಜುಗಳು ಬಾಗಿಲು ಹಾಕ್ತಿವೆ. 2024ರಲ್ಲಿ ಬರ್ಮಿಂಗ್‌ಹ್ಯಾಮ್-ಸದರ್ನ್ ಮುಚ್ಚಿತು, ವೆಲ್ಸ್ ಮುಚ್ಚಿತು. 2022ರಲ್ಲಿ ಮಿಲ್ಸ್ ಹೋಗಿ ನಾರ್ತ್‌ಈಸ್ಟರ್ನ್‌ನಲ್ಲಿ ಸೇರಿಕೊಂಡಿತು.

ಧಾರವಾಡ–ಮಿನ್ನೆಸೋಟಾ: ಅದು ಖರೆ. ಹಂಗಂತ ಎಲ್ಲಾನೂ ಮುಚ್ಚಂಗಿಲ್ಲ. ಐದು ವರ್ಷದ ಹೊಸ ಅಡ್ಮಿಷನ್ ಏರೇದೋ ಇಳದೇದೋ, ಎಂಡೋಮೆಂಟ್ (ಕಾಲೇಜಿನ ಇಡಗಂಟು) ಒಬ್ಬ ಹುಡುಗನ ತಲಿಗೆ ಎಷ್ಟು ಬೀಳ್ತದ, ತೆರಿಗೆ ಇಲಾಖೆಗೆ ಕೊಡೋ ಫಾರ್ಮ್ 990ರಾಗ ವರ್ಷಾ ವರ್ಷಾ ಕೊರತೀನ ತೋರಸ್ಯಾರೇನು, ಇಷ್ಟು ನೋಡ್ರಿ ಸಾಕು.

ಮೈಸೂರು–ಸಿಯಾಟಲ್: ಮೇಡಂ, ಅನ್‌ಡಿಕ್ಲೇರ್ಡ್ ಅನ್ನೋದನ್ನ ಹಗುರವಾಗಿ ತಗೋಬೇಡಿ. ಯುಐಯುಸಿ, ಇಲ್ಲಿನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್, ಇಂಥ ಕಡೆ ಅಡ್ಮಿಷನ್ ಹೊತ್ತಲ್ಲೇ ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಆಮೇಲೆ ಒಳಗಿಂದ ಸೇರೋದು ಹೆಚ್ಚುಕಡಿಮೆ ಆಗದ ಮಾತು. ಬರ್ಕ್ಲಿಯೂ 2023ರಿಂದ ಹಾಗೇ. 'ಸಿಎಸ್ ಪ್ಲಸ್ ಏನೋ ಒಂದು' ಅನ್ನೋ ಜೋಡಿ ಮೇಜರ್‌ಗಳಿಗೂ ಒಳಗೇ ಪೈಪೋಟಿ. ಸೇರೋ ಮೊದಲೇ ಎರಡನೇ ದಾರಿ ಇಟ್ಟುಕೊಳ್ಳಿ: ಸ್ಟ್ಯಾಟಿಸ್ಟಿಕ್ಸ್, ಇನ್ಫರ್ಮೇಷನ್ ಸೈನ್ಸಸ್, ಇಲ್ಲಾ ಬಯಾಲಜಿ ಜೊತೆಗೆ ಕಂಪ್ಯೂಟರ್ ಮೈನರ್ (ಉಪವಿಷಯ). ಅದು ಅವಳಿಗೆ ಒಪ್ಪಿಗೆಯಾದರೆ ಮಾತ್ರ ಯುಐಯುಸಿ.

ಚಿಕ್ಕ ಕಾಲೇಜಿನಲ್ಲಿ ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಗೆ ಮೇಜರ್ ಬರೆದುಕೊಟ್ಟರಾಯಿತು. ಅಲ್ಲಿನ ತೊಂದರೆ ಬೇರೆ ಥರ. ಡಿಪಾರ್ಟ್‌ಮೆಂಟಿನಲ್ಲಿ ಐದಾರು ಮೇಷ್ಟ್ರು ಇದ್ದರೆ ಆಪರೇಟಿಂಗ್ ಸಿಸ್ಟಮ್ಸ್, ಕಂಪೈಲರ್ಸ್ ಥರದ ಪಾಠ ವರ್ಷ ಬಿಟ್ಟು ವರ್ಷ. ಅದೇ ಸೆಮಿಸ್ಟರ್ ವಿದೇಶಕ್ಕೆ ಹೋದರೆ, ಅಥವಾ ಮೇಷ್ಟ್ರು ಸಬ್ಯಾಟಿಕಲ್ (ಸಂಶೋಧನೆಗೆ ಅಂತ ದೀರ್ಘ ರಜೆ) ಹೋದರೆ, ಆ ಪಾಠ ಹೋಯಿತು ಅಂತಲೇ. ಕ್ಯಾಟಲಾಗ್ ನೋಡಬೇಡಿ, ಅದರಲ್ಲಿ ಎಲ್ಲ ಇರುತ್ತೆ. ರಿಜಿಸ್ಟ್ರಾರ್ ಪುಟದಲ್ಲಿ ಕಳೆದ ನಾಲ್ಕು ಸೆಮಿಸ್ಟರ್‌ನ ಟೈಮ್‌ಟೇಬಲ್ ತೆಗೆದು ನಿಜವಾಗಿ ಏನು ಪಾಠ ನಡೆಯಿತು ಅಂತ ಗುರುತು ಹಾಕಿ.

ಪುತ್ತೂರು–ಬಾಸ್ಟನ್: ಎಲ್ಲರೂ ಫೀ, ಮೇಜರ್ ಅಂತ ಹೇಳ್ತಾ ಇದ್ದೀರಿ, ಎಚ್‌-4 ವಿಷಯ ಯಾರೂ ಮುಟ್ಟಲಿಲ್ಲ ಮಾರಾಯ್ರೆ. ಇವರ ಲೆಕ್ಕ ತಿರುಗುವುದೇ ಅಲ್ಲಿ.

21 ತುಂಬಿದರೆ ಎಚ್‌-4 ಉಳಿಯುವುದಿಲ್ಲ, ಅದಕ್ಕೆ ಮೊದಲೇ ಎಫ್‌-1, ಅಂದರೆ ವಿದ್ಯಾರ್ಥಿ ವೀಸಾ, ಆಗಬೇಕು. ಎಚ್‌-4ರಲ್ಲಿ ಇನ್-ಸ್ಟೇಟ್ ಕೊಡುವ ರಾಜ್ಯಗಳಲ್ಲೂ ಎಫ್‌-1 ಆದ ಕೂಡಲೇ ಅದು ತಪ್ಪುವ ಸಂಭವ ಉಂಟು. ಹಾಗೇನಾದರೂ ಆದರೆ ಯುಐಯುಸಿಯ ಕೊನೆಯ ಎರಡು ವರ್ಷ 38 ಅಲ್ಲ, 60 ಸಾವಿರದ ಆಸುಪಾಸು. ಆಗ ಹ್ಯೂಸ್ಟನ್‌ನವರ 80 ಸಾವಿರದ ಉಳಿತಾಯ 36ರ ಆಸುಪಾಸಿಗೆ ಇಳಿಯಿತು. ಖಾಸಗಿ ಕಾಲೇಜಿನ ಫೀಗೆ ವೀಸಾ ಲೆಕ್ಕವಿಲ್ಲ. ಆದರೆ ಸ್ಟೇಟಸ್ ಬದಲಾದರೂ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ ಅಂತ ಅವರಿಂದಲೂ ಬರೆಸಿಕೊಳ್ಳಿ. ಅದಕ್ಕೆ ಎಷ್ಟು ಜಿಪಿಎ (ಸರಾಸರಿ ಅಂಕ) ಉಳಿಸಿಕೊಳ್ಳಬೇಕು ಅಂತಲೂ ಕೇಳಿ.

ಎಫ್‌-1ಕ್ಕೆ ಬದಲಾಗಲು ಎರಡು ದಾರಿ. ಎರಡಕ್ಕೂ ಮೊದಲು ಕಾಲೇಜಿನಿಂದ ಐ-20 (ಪ್ರವೇಶದ ದಾಖಲೆ ಪತ್ರ) ತೆಗೆದುಕೊಂಡು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ 350 ಡಾಲರ್ ಕಟ್ಟಬೇಕು. ಆಮೇಲೆ ಇಲ್ಲಿಂದಲೇ ಸ್ಟೇಟಸ್ ಬದಲಿಸುವ ಐ-539 ಅರ್ಜಿ ಹಾಕಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅದು ಬಾಕಿ ಇರುವಾಗ ಅಜ್ಜಿಮನೆಗೆ ಅಂತ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಇಲ್ಲವೇ ಭಾರತಕ್ಕೆ ಹೋಗಿ ಎಫ್‌-1 ಸ್ಟಾಂಪಿಂಗ್. ನಿಮ್ಮ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಅವಳ ಹೆಸರೂ ಇದ್ದರೆ ಓದು ಮುಗಿಸಿ ಭಾರತಕ್ಕೆ ವಾಪಸ್ ಹೋಗುವ ಉದ್ದೇಶ ಉಂಟಾ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ವಕೀಲರನ್ನೇ ಕೇಳಿ, ಈ ಗುಂಪನ್ನಲ್ಲ.

ಎಚ್‌-4ರಲ್ಲಿ ಸಂಬಳದ ಇಂಟರ್ನ್‌ಶಿಪ್ ಮಾಡುವ ಹಾಗಿಲ್ಲ, ಕ್ಯಾಂಪಸ್ ಲೈಬ್ರರಿಯ ಕೆಲಸವೂ ಇಲ್ಲ. ಎಫ್‌-1 ಆದರೆ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ, ಉಂಟು. ಆದರೆ ಕೆಲವು ಚಿಕ್ಕ ಕಾಲೇಜುಗಳಲ್ಲಿ ಸಿಪಿಟಿಗೆ ಬೇಕಾದ ಇಂಟರ್ನ್‌ಶಿಪ್ ಕೋರ್ಸೇ ಇರುವುದಿಲ್ಲ. ಇಂಟರ್‌ನ್ಯಾಷನಲ್ ಆಫೀಸಿಗೆ ಇದನ್ನೇ ನೇರವಾಗಿ ಕೇಳಿ. ಡಿಗ್ರಿ ನಂತರ ಕೆಲಸದ ಅನುಮತಿ, ಅಂದರೆ ಒಪಿಟಿ, 12 ತಿಂಗಳು; ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಆದರೆ ಇನ್ನೂ 24. ಸ್ಟೆಮ್ ಹೌದೋ ಅಲ್ಲವೋ ಹೇಳುವುದು ಮೇಜರ್‌ನ ಹೆಸರಲ್ಲ, ಐ-20ಯಲ್ಲಿರುವ ಸಿಐಪಿ ಕೋಡ್, ಅಂದರೆ ಓದುವ ವಿಷಯಕ್ಕೆ ಕೊಟ್ಟ ಸಂಖ್ಯೆ. ಕಂಪ್ಯೂಟರ್ 11ರಿಂದ, ಬಯಾಲಜಿ 26ರಿಂದ ಶುರು, ಚಿಂತೆಯಿಲ್ಲ. ಇಕನಾಮಿಕ್ಸ್ ಕಡೆ ಮನಸ್ಸು ತಿರುಗಿದರೆ ಜಾಗ್ರತೆ: 45.0603 ಆದರೆ ಸ್ಟೆಮ್, 45.0601 ಆದರೆ ಅಲ್ಲ.

ಹಾಸನ–ಹ್ಯೂಸ್ಟನ್: ವೀಸಾ ನಿಯಮ ಯಾವಾಗ ಬೇಕಾದರೂ ಬದಲಾಗುತ್ತೆ, ಅದನ್ನ ನಂಬಿಕೊಂಡು ಕಾಲೇಜು ಆರಿಸ್ತಾರಾ? ಹೆಸರು ಇರೋ ಕಡೆ ಓದಿದರೆ ಕೆಲಸ ಸಿಗುತ್ತೆ, ಕೆಲಸ ಸಿಕ್ಕಿದರೆ ವೀಸಾ ಸಿಗುತ್ತೆ. ನಮ್ಮ ಕಾಲದಲ್ಲಿ ಇಷ್ಟೆಲ್ಲ ಆಯ್ಕೆ ಎಲ್ಲಿತ್ತು? ಸಿಇಟಿ ರ್ಯಾಂಕ್ ಬಂತು, ಸಿಕ್ಕಿದ ಸೀಟಿಗೆ ಸೇರಿದ್ವಿ. ಮಕ್ಕಳಿಗೆ ಜಾಸ್ತಿ ಆಯ್ಕೆ ಕೊಟ್ಟಿದ್ದೇ ತಪ್ಪು.

ಮೈಸೂರು–ಸಿಯಾಟಲ್: ಸರ್, ಇದೇ ಮಾತನ್ನ ಕಿಂಡರ್‌ಗಾರ್ಟನ್ ಬಗ್ಗೆ ಕೇಳಿದ ಪೋಸ್ಟಿನಲ್ಲೂ ಬರೆದಿದ್ದಿರಿ.

ಧಾರವಾಡ–ಮಿನ್ನೆಸೋಟಾ: ಸಿಇಟಿ ಕಾಲ ಹೋಗೇತ್ರಿ ಸರ. ಅಕ್ಕಾರ, ಸ್ಕಾಲರ್‌ಶಿಪ್ ಏರಿಸಂತ ಒಂದು ಪತ್ರಾನೂ ಬರೀರಿ. ಮೆರಿಟ್ ಆದ್ರ ಫೈನಾನ್ಶಿಯಲ್ ಏಡ್ ಆಫೀಸಿಗಲ್ಲ, ಅಡ್ಮಿಷನ್ ಆಫೀಸಿಗೆ. ಅಂಥದ್ದೇ ಇನ್ನೊಂದು ಖಾಸಗಿ ಕಾಲೇಜಿನ ಆಫರ್ ಇದ್ರ ಜೋಡಿ ಹಚ್ರಿ. ಸ್ಟೇಟ್ ಯೂನಿವರ್ಸಿಟಿ ಫೀ ತೋರಿಸಿದ್ರ ಬಹಳಷ್ಟು ಕಡೆ ಕಿವಿಗೆ ಹಾಕ್ಕೊಳ್ಳೂದಿಲ್ಲ.

ಕೊಪ್ಪ–ನ್ಯೂಜೆರ್ಸಿ: ಬಯಾಲಜಿ ಅಂದರೆ ಮುಂದೆ ಮೆಡಿಕಲ್ ಯೋಚನೆ ಇದೆಯಾ? ಇದ್ದರೆ 'ಕಮಿಟಿ ಲೆಟರ್ (ಮೆಡಿಕಲ್ ಸೀಟಿಗೆ ಕಾಲೇಜಿನ ಸಮಿತಿ ಕೊಡೋ ಶಿಫಾರಸು ಪತ್ರ) ಕೊಡ್ತೀರಾ, ಯಾರಿಗೆ ಕೊಡಲ್ಲ' ಅಂತ ಎರಡೂ ಕಡೆ ಕೇಳಿ. ಕೆಲವು ಕಾಲೇಜು ಜಿಪಿಎ ಕಡಿಮೆ ಇದ್ದವರಿಗೆ ಪತ್ರವನ್ನೇ ಕೊಡದೆ, ಉಳಿದವರಲ್ಲಿ ಶೇ ಇಷ್ಟು ಜನಕ್ಕೆ ಸೀಟು ಸಿಕ್ಕಿತು ಅಂತ ತೋರಿಸುತ್ತವೆ. ಇನ್ನೊಂದು, ಚಿಕ್ಕ ಕಾಲೇಜುಗಳಲ್ಲಿ ಹಲವು ಕಡೆ ನಾಲ್ಕೂ ವರ್ಷ ಹಾಸ್ಟೆಲ್, ಮೀಲ್ ಪ್ಲಾನ್ ಕಡ್ಡಾಯ. ಯುಐಯುಸಿಯಲ್ಲಿ ಮೊದಲ ವರ್ಷ ಕಳೆದರೆ ಹೊರಗೆ ನಾಲ್ವರು ಸೇರಿ ಅಪಾರ್ಟ್‌ಮೆಂಟ್ ಹಿಡಿದು ಅನ್ನ-ಸಾರು ಮಾಡಿಕೊಂಡು ಖರ್ಚು ಇಳಿಸಬಹುದು.

ಶಿಕಾಗೋ ಅಮ್ಮ: ಎಲ್ಲರಿಗೂ ಧನ್ಯವಾದ. ಮೆಡಿಕಲ್ ಯೋಚನೆ ಇಲ್ಲ. ಹಾಗಾದರೆ ಯುಐಯುಸಿಗೇ ಡಿಪಾಸಿಟ್ ಕಟ್ಟೋಣ ಅಂತ ಯಜಮಾನರು ಹೇಳ್ತಿದ್ದಾರೆ. 80 ಸಾವಿರ ಅಂದರೆ ಸಣ್ಣ ಮೊತ್ತ ಅಲ್ಲವಲ್ಲ.

ಪುತ್ತೂರು–ಬಾಸ್ಟನ್: ಅಕ್ಕಾ, 80 ಅಲ್ಲ! ಡಿಪಾಸಿಟ್ ಕಟ್ಟುವ ಮೊದಲು ಯುಐಯುಸಿಯ ರೆಸಿಡೆನ್ಸಿ ಕಚೇರಿಗೆ ಈಮೇಲ್ ಹಾಕಿ, ಫೋನ್ ಬೇಡ. ಮೂರೇ ಪ್ರಶ್ನೆ. ಈಗ ಎಚ್‌-4ರಲ್ಲಿ ಇನ್-ಸ್ಟೇಟ್ ಇರುವ ವಿದ್ಯಾರ್ಥಿ ಎಫ್‌-1ಕ್ಕೆ ಬದಲಾದರೆ ಇನ್-ಸ್ಟೇಟ್ ಉಳಿಯುತ್ತದಾ? ಉಳಿಯದಿದ್ದರೆ ಯಾವ ಸೆಮಿಸ್ಟರ್‌ನಿಂದ ಹೊಸ ದರ? ಇಲಿನಾಯ್ ಹೈಸ್ಕೂಲಿನಲ್ಲಿ ಓದಿ ಪಾಸಾದವಳು ಎಂಬ ಆಧಾರದ ಮೇಲೆ ಬೇರೆ ದಾರಿ ಉಂಟಾ? ಉತ್ತರವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಹಾಸನ–ಹ್ಯೂಸ್ಟನ್: ಒಳ್ಳೇ ನಿರ್ಧಾರ ಮೇಡಂ. ಯುಐಯುಸಿ ಅಂತ ಮೊದಲೇ ಹೇಳಿದ್ದೆ.