ನ್ಯಾರೋಬೋಟ್ ಪಯಣದ ‘ಲಾಕ್’, ‘ಪ್ಯಾಡಲ್’, ‘ಪೌಂಡ್’, ‘ಸಿಲ್’: ಕನ್ನಡದಲ್ಲಿ ಏನೆನ್ನಬಹುದು?

ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರಿನಲ್ಲಿ ಗ್ರ್ಯಾಂಡ್ ಯೂನಿಯನ್ ಕಾಲುವೆಯ ಮೇಲೆ ಒಂದು ದಿನ ನ್ಯಾರೋಬೋಟಿನಲ್ಲಿ (ಕಾಲುವೆ ಪಯಣದ ಕಿರಿದಗಲದ, ಉದ್ದನೆಯ ದೋಣಿ) ಸಾಗಿದುದನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಸ್ಟೋಕ್ ಬ್ರೂಯರ್ನ್ ಹಳ್ಳಿಯ ಬಳಿ, ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಳಿಸುವ ಏಳು ಲಾಕ್‌ಗಳನ್ನು ಏರಿ, ಮುಂದಿನ ಬ್ಲಿಸ್‌ವರ್ತ್ ಸುರಂಗವನ್ನು ಹಾಯುವ ದಾರಿ ಅದು. ಕೆಲವು ಪದಗಳ ಬಗೆಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

‘ನ್ಯಾರೋಬೋಟ್’ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಕಿರುದೋಣಿ’ ಎಂದರೆ ಸಣ್ಣದೆಂಬ ಅರ್ಥ ಬರುತ್ತದೆ. ಇದರ ಅಗಲ ಏಳು ಅಡಿಗಿಂತ ತುಸು ಕಡಿಮೆಯಾದರೂ ಉದ್ದ ಎಪ್ಪತ್ತು ಅಡಿಯವರೆಗೂ ಇರಬಹುದು. ಕುದುರೆಗಳು ದೋಣಿಯನ್ನು ಎಳೆಯುತ್ತ ನಡೆಯುತ್ತಿದ್ದ ದಂಡೆಯ ಹಾದಿಗೆ ‘ಕಾಲುವೆ ಏರಿ’ ಎಂಬುದೇ ಸಾಕೆಂದು ತೋರುತ್ತದೆ.

ತೊಡಕಿರುವುದು ‘ಲಾಕ್’ ಎಂಬಲ್ಲಿ. ‘ಬೀಗ’ ಎನ್ನುವಂತಿಲ್ಲ, ‘ಜಲಬಂಧ’ ಎಂದರೆ ಓದುಗರು ಅಣೆಕಟ್ಟೆಂದೇ ತಿಳಿದಾರು. ಮೇಲೇರಬೇಕಾದ ದೋಣಿ ಕೆಳಗಿನ ಬಾಗಿಲಿನಿಂದ ಕಲ್ಲುಗೋಡೆಗಳ ನಡುವಿನ ತೊಟ್ಟಿಯಂಥ ಜಾಗವನ್ನು ಹೊಕ್ಕ ಮೇಲೆ ಆ ಬಾಗಿಲನ್ನು ಮುಚ್ಚಿ, ಮೇಲಿನ ಬಾಗಿಲ ಬಳಿಯ ಹಲ್ಲುಗಂಬಿಯನ್ನು ಎತ್ತುವ ಅಚ್ಚಿಗೆ ಕೈಹಿಡಿ ಹಾಕಿ ತಿರುಗಿಸಿದರೆ ನೀರಿನಡಿಯ ಹಲಗೆಯೊಂದು ಮೇಲೆದ್ದು ನೀರು ನುಗ್ಗುತ್ತದೆ, ದೋಣಿ ಮೆಲ್ಲಗೆ ಏರುತ್ತದೆ. ಎರಡೂ ಬದಿಯ ನೀರು ಒಂದೇ ಮಟ್ಟಕ್ಕೆ ಬರುವ ತನಕ ಎಷ್ಟೇ ಬಲ ಹಾಕಿದರೂ ಬಾಗಿಲು ಕದಲದು. ಬಂದೊಡನೆ, ಬಾಗಿಲಿಗೆ ಜೋಡಿಸಿದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಿದರೆ ತೆರೆದುಕೊಳ್ಳುತ್ತದೆ. ಇಷ್ಟನ್ನೂ ಒಂದೇ ಪದದಲ್ಲಿ ಅಡಗಿಸಲು ಹೊರಟು ಸೋಲುವುದಕ್ಕಿಂತ ‘ಲಾಕ್’ ಅನ್ನೇ ಇಟ್ಟುಕೊಂಡು ಅದರ ಅಂಗಗಳಿಗೆ ನಮ್ಮ ಕೆರೆ ಕಾಲುವೆಗಳ ಮಾತನ್ನು ಬಳಸುವುದು ಲೇಸೆಂದು ನನ್ನ ನಿಲುವು.

ಮೇಲೆ ಹೇಳಿದ ಹಲಗೆಯನ್ನು ಅಲ್ಲಿಯವರು ‘ಪ್ಯಾಡಲ್’ ಎನ್ನುತ್ತಾರೆ. ಅವಸರದ ಅನುವಾದಕರು ಇದನ್ನು ‘ಹುಟ್ಟು’ ಮಾಡಿಬಿಟ್ಟಾರು! ‘ತೂಬು ಎತ್ತಿದರು’ ಎಂದರೆ ಕೆರೆಯ ಕೆಳಗೆ ಗದ್ದೆ ಮಾಡಿದ ಯಾರಿಗೂ ವಿವರಣೆ ಬೇಕಾಗದು. ಮಿಕ್ಕ ನೀರು ಬದಿಗೆ ಹರಿದುಹೋಗುವ ವ್ಯವಸ್ಥೆಗೆ ‘ಕೋಡಿ’ ಇದ್ದೇ ಇದೆ.

‘ಸಿಲ್’ ಎಂಬುದಕ್ಕೆ ‘ಹೊಸ್ತಿಲು’ ಎಂದಿದ್ದೇನೆ. ಮೇಲಿನ ಬಾಗಿಲಿನ ಬುಡದಲ್ಲಿ ಒಳಕ್ಕೆ ಚಾಚಿಕೊಂಡಿರುವ ಈ ಕಟ್ಟೆ ಲಾಕ್ ತುಂಬಿರುವಾಗ ಕಾಣಿಸುವುದಿಲ್ಲ. ಇಳಿಯುವಾಗ ದೋಣಿಯ ಹಿಂಬದಿ ಅದರ ಮೇಲೆ ಕೂತುಬಿಟ್ಟರೆ ಮುಂಬದಿ ಮಾತ್ರ ನೀರಿನೊಡನೆ ಇಳಿದು ದೋಣಿ ಮುಳುಗುವ ಅಪಾಯವಿದೆ. ಆದ್ದರಿಂದಲೇ ಲಾಕಿನ ಅಂಚಿನಲ್ಲಿ ಹೊಸ್ತಿಲು ಎಲ್ಲಿಯವರೆಗೆ ಚಾಚಿದೆಯೆಂದು ತೋರಿಸಲು ಬಿಳಿಯ ಗೆರೆ ಎಳೆದಿರುತ್ತಾರೆ. ಆದರೆ ‘ಹೊಸ್ತಿಲು ದಾಟಿ ನಿಲ್ಲಿಸಿ’ ಎಂದು ಬರೆದರೆ ಯಾವ ಕಡೆಗೆ ದಾಟಿ ಎಂಬ ಗೊಂದಲ ಉಂಟಾಗಬಹುದೆಂಬ ಅಳುಕು ನನಗಿದೆ.

ಎರಡು ಲಾಕ್‌ಗಳ ನಡುವೆ ಒಂದೇ ಮಟ್ಟದಲ್ಲಿ ನಿಂತ ನೀರಿನ ಹರವಿಗೆ ‘ಪೌಂಡ್’ ಎನ್ನುತ್ತಾರೆ. ಹಣವೋ ತೂಕವೋ ಎಂಬ ಅನುಮಾನಕ್ಕೆ ಎಡೆಗೊಡದಂತೆ, ಹಳೆಯ ಮನೆಗಳಲ್ಲಿ ಎರಡು ಕಂಬಗಳ ನಡುವಣ ಜಾಗಕ್ಕೆ ಹೇಳುವ ‘ಅಂಕಣ’ವನ್ನು ಇಲ್ಲಿಗೆ ತರಬಹುದೇ? ಪತ್ರಿಕೆಯ ಅಂಕಣವನ್ನಷ್ಟೇ ಬಲ್ಲವರಿಗೆ ಇದು ವಿಚಿತ್ರವೆನಿಸೀತೇ?

1805ರಲ್ಲಿ ತೆರೆದ ಬ್ಲಿಸ್‌ವರ್ತ್ ಸುರಂಗದೊಳಗೆ ಕುದುರೆಗೆ ಹಾದಿಯಿಲ್ಲ. ಹಲಗೆಯ ಮೇಲೆ ಮಲಗಿದ ಆಳುಗಳು ಪಕ್ಕದ ಗೋಡೆಯ ಮೇಲೆ ಹೆಜ್ಜೆ ಹಾಕುತ್ತ ದೋಣಿಯನ್ನು ಮುಂದೊತ್ತುತ್ತಿದ್ದ ‘ಲೆಗ್ಗಿಂಗ್’ ಕೆಲಸಕ್ಕೆ ‘ಗೋಡೆ ತುಳಿತ’ ಎಂದು ಬರೆದಿದ್ದೇನೆ.

ಕೊನೆಯದು, ಉದ್ದನೆಯ ದೋಣಿ ಹಿಂದಿರುಗಲು ಅನುವಾಗುವಂತೆ ದಂಡೆಯನ್ನು ಕೊರೆದು ಅಗಲಿಸಿದ ‘ವಿಂಡಿಂಗ್ ಹೋಲ್’. ದೋಣಿಯವರ ಉಚ್ಚಾರಣೆ ಗಾಳಿ ಎಂಬರ್ಥದ ‘ವಿಂಡ್’ ಪದದಂತೆಯೇ ಹೊರತು ‘ವೈಂಡಿಂಗ್’ ಅಲ್ಲ. ‘ತಿರುಗುತಾಣ’ ಎಂದು ಸದ್ಯಕ್ಕೆ ಬರೆದಿರುವೆನಾದರೂ ಅದು ಹೊಸೆದ ಪದವೆಂಬುದು ಎದ್ದು ಕಾಣುತ್ತಿದೆ. ಕರಾವಳಿಯ ಹೊಳೆ ಅಳಿವೆಗಳಲ್ಲಿ ದೋಣಿ ತಿರುಗಿಸುವ ಜಾಗಕ್ಕೆ ಬಳಕೆಯಲ್ಲಿರುವ ಹೆಸರೇನಾದರೂ ಇದ್ದರೆ, ಯಾವ ಊರಿನ ಕಡೆಯದೆಂಬುದರೊಡನೆ ದಯವಿಟ್ಟು ತಿಳಿಸಬೇಕು.